ಹೆಡ್‌ಫೋನು ತನ್ನ ಫೋನನ್ನು ಗುರುತಿಸುವ ಬಗೆ

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲಿನ ಒಂದು ಡಬ್ಬಿಯನ್ನು ಕಣ್ಣಮುಂದೆ ತಂದುಕೊಳ್ಳೋಣ. ಎದುರುಬದುರಾಗಿ ಕುಳಿತ ಹತ್ತು ಹನ್ನೆರಡು ಮಂದಿಯ ಕಿವಿಗಳಲ್ಲಿ ನಿಸ್ತಂತು ಹೆಡ್‌ಫೋನುಗಳಿವೆ. ಹಿರಿಯರೊಬ್ಬರು ಸಂಗೀತ ಕಚೇರಿಯನ್ನು ಆಲಿಸುತ್ತಿದ್ದಾರೆ. ಅವರ ಪಕ್ಕದವರು ಕ್ರಿಕೆಟ್ ಪಂದ್ಯದ ವಿವರಣೆಯನ್ನು ಕೇಳುತ್ತಿದ್ದಾರೆ. ಕಿಟಕಿಯ ಬಳಿಯ ವಿದ್ಯಾರ್ಥಿನಿ ಭೌತಶಾಸ್ತ್ರದ ಪಾಠವೊಂದರಲ್ಲಿ ಮಗ್ನಳಾಗಿದ್ದಾಳೆ. ಇವರೆಲ್ಲರ ಫೋನುಗಳೂ ಏಕಕಾಲದಲ್ಲಿ ರೇಡಿಯೊ ಅಲೆಗಳನ್ನು ಹೊರಸೂಸುತ್ತಿವೆ. ಆ ಅಲೆಗಳು ಡಬ್ಬಿಯ ಮೂಲೆ ಮೂಲೆಗೂ ಹರಡುತ್ತವೆ. ಹೀಗಿದ್ದರೂ ಕ್ರಿಕೆಟ್ಟಿನ ಕೂಗು ಸಂಗೀತ ಕೇಳುವವರ ಕಿವಿಗೆ ಬೀಳುವುದಿಲ್ಲ. ಪಾಠದ ನಡುವೆ ತಂಬೂರಿಯ ಶ್ರುತಿ ನುಸುಳುವುದಿಲ್ಲ. ಇದು ಹೇಗೆ ಸಾಧ್ಯವಾಯಿತು?

ಹೊಸ ಹೆಡ್‌ಫೋನನ್ನು ಕೊಂಡುತಂದ ದಿನ ನಾವು ಮಾಡುವ ಒಂದು ಚಿಕ್ಕ ಕ್ರಿಯೆಯಲ್ಲಿ ಇದರ ಉತ್ತರ ಅಡಗಿದೆ. ಹೆಡ್‌ಫೋನಿನ ಗುಂಡಿಯನ್ನು ಕೆಲವು ಸೆಕೆಂಡುಗಳ ಕಾಲ ಒತ್ತಿ ಹಿಡಿಯುತ್ತೇವೆ. ದೀಪ ಮಿನುಗುತ್ತದೆ. ಫೋನಿನ ತೆರೆಯಲ್ಲಿ ಅದರ ಹೆಸರು ಮೂಡುತ್ತದೆ. ಹೆಸರನ್ನು ಮುಟ್ಟಿದರೆ ಕೆಲಸ ಮುಗಿಯಿತು. ಇದನ್ನೇ ಜೋಡಣೆ ಅಥವಾ ಪೇರಿಂಗ್ ಎನ್ನುತ್ತಾರೆ. ಎರಡು ಯಂತ್ರಗಳ ನಡುವೆ ಸಂಪರ್ಕ ಏರ್ಪಡುವುದೇ ಜೋಡಣೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಇದು ಸರಿಯಲ್ಲ. ಸಂಪರ್ಕವು ದಿನವೂ ಏರ್ಪಟ್ಟು ದಿನವೂ ಕಡಿಯುವಂಥದು. ಜೋಡಣೆಯಾದರೋ ಒಮ್ಮೆ ಮಾತ್ರ ನಡೆಯುವ ಪರಿಚಯ. ಆ ಕೆಲವು ಸೆಕೆಂಡುಗಳಲ್ಲಿ ಒಂದನ್ನೊಂದು ಅರಿಯದ ಎರಡು ಯಂತ್ರಗಳು ತಮ್ಮಿಬ್ಬರಿಗೆ ಮಾತ್ರ ತಿಳಿದ ಗುಟ್ಟೊಂದನ್ನು ಬಯಲಿನಲ್ಲಿಯೇ ಕಟ್ಟಿಕೊಳ್ಳುತ್ತವೆ. ಮುಂದಿನ ನಂಬಿಕೆಯೆಲ್ಲ ಆ ಗುಟ್ಟಿನ ಮೇಲೆ ನಿಂತಿದೆ.

ಅಲೆಗಳ ಹಾದಿ

ಈ ವ್ಯವಸ್ಥೆಯ ಹೆಸರು ಬ್ಲೂಟೂತ್. ಸ್ವೀಡನ್ನಿನ ಲುಂಡ್ ನಗರದಲ್ಲಿ ಎರಿಕ್‌ಸನ್ ಸಂಸ್ಥೆಯ ಇಂಜಿನಿಯರುಗಳು 1994ರಲ್ಲಿ ಇದರ ಕೆಲಸವನ್ನು ಆರಂಭಿಸಿದರು. ಡಚ್ ಇಂಜಿನಿಯರ್ ಯಾಪ್ ಹಾರ್ಟ್‌ಸೆನ್ ಅವರಲ್ಲಿ ಪ್ರಮುಖರು. 1998ರಲ್ಲಿ ಎರಿಕ್‌ಸನ್, ನೋಕಿಯ, ಇಂಟೆಲ್, ಐಬಿಎಂ ಮತ್ತು ತೋಷಿಬಾ ಸಂಸ್ಥೆಗಳು ಒಂದುಗೂಡಿ, ಎಲ್ಲರ ಯಂತ್ರಗಳೂ ಒಂದೇ ಭಾಷೆಯನ್ನು ಆಡುವಂತೆ ನಿಯಮಗಳನ್ನು ರೂಪಿಸತೊಡಗಿದವು. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕಿನ ಜನರನ್ನು ಒಂದುಗೂಡಿಸಿದನೆಂದು ಪ್ರಸಿದ್ಧನಾದ ಹೆರಾಲ್ಡ್ ಎಂಬ ಅರಸನಿಗೆ ‘ನೀಲಿ ಹಲ್ಲಿನವ’ ಎಂಬ ಅಡ್ಡಹೆಸರಿತ್ತು. ಬೇರೆ ಬೇರೆ ಯಂತ್ರಗಳನ್ನು ಒಂದುಗೂಡಿಸುವ ಈ ವ್ಯವಸ್ಥೆಗೆ ಅವನ ಹೆಸರೇ ನಿಂತಿತು.

ಬ್ಲೂಟೂತ್ ಬಳಸುವ ಅಲೆಗಳು ಸೆಕೆಂಡಿಗೆ ಸುಮಾರು 240 ಕೋಟಿ ಬಾರಿ ಕಂಪಿಸುತ್ತವೆ. ಒಂದೊಂದು ಅಲೆಯ ಉದ್ದ ಸುಮಾರು 12 ಸೆಂಟಿಮೀಟರು. ಈ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಯಂತ್ರಗಳನ್ನು ಬಳಸಲು ಪರವಾನಗಿ ಬೇಕಿಲ್ಲವೆಂದು ಭಾರತ ಸರ್ಕಾರವು 2005ರಲ್ಲಿ ನಿಯಮ ಮಾಡಿತು. ಪರವಾನಗಿ ಇಲ್ಲದ ಹಾದಿಯಾದುದರಿಂದ ಇಲ್ಲಿ ಜನಸಂದಣಿಯೂ ಹೆಚ್ಚು. ಮನೆಯ ವೈಫೈ ಪೆಟ್ಟಿಗೆ ಇದನ್ನೇ ಬಳಸುತ್ತದೆ. ಅಡುಗೆಮನೆಯ ಮೈಕ್ರೊವೇವ್ ಒಲೆಯೂ ಇದೇ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ.

ಈ ಸಂದಣಿಯಲ್ಲಿ ದಾರಿ ಮಾಡಿಕೊಳ್ಳುವ ಉಪಾಯ ಬಲು ಸೊಗಸಾದುದು. ಬ್ಲೂಟೂತಿನ ಮೂಲ ಪದ್ಧತಿಯಲ್ಲಿ ಈ ಪಟ್ಟಿಯನ್ನು 79 ಕಿರುಹಾದಿಗಳಾಗಿ ವಿಭಾಗಿಸಿದ್ದಾರೆ. ಫೋನು ಮತ್ತು ಹೆಡ್‌ಫೋನುಗಳು ಒಂದೇ ಹಾದಿಯಲ್ಲಿ ನಿಲ್ಲದೆ, ಸೆಕೆಂಡಿಗೆ 1600 ಬಾರಿಯವರೆಗೆ ಹಾದಿಯಿಂದ ಹಾದಿಗೆ ಜೊತೆಜೊತೆಯಾಗಿ ಜಿಗಿಯುತ್ತವೆ. ಯಾವ ಹಾದಿಯ ನಂತರ ಯಾವುದು ಎಂಬ ಕ್ರಮವನ್ನು ಫೋನಿನ ವಿಳಾಸ ಮತ್ತು ಅದರ ಗಡಿಯಾರ ನಿರ್ಧರಿಸುತ್ತವೆ. ನಮ್ಮ ರೈಲಿನ ಡಬ್ಬಿಯಲ್ಲಿ ಒಂದೊಂದು ಜೋಡಿಯೂ ತನ್ನದೇ ತಾಳದಲ್ಲಿ ಹೆಜ್ಜೆ ಹಾಕುತ್ತಿದೆ. ಎರಡು ಜೋಡಿಗಳು ಎಂದಾದರೊಮ್ಮೆ ಒಂದೇ ಹಾದಿಯಲ್ಲಿ ಡಿಕ್ಕಿ ಹೊಡೆದರೂ ಮರುಕ್ಷಣವೇ ಬೇರೆಯಾಗುತ್ತವೆ. ಹಾಳಾದ ತುಣುಕನ್ನು ಫೋನು ಮತ್ತೆ ಕಳುಹಿಸುತ್ತದೆ.

ಜಿಗಿತವು ಗೊಂದಲವನ್ನು ತಪ್ಪಿಸುತ್ತದೆ, ಆದರೆ ಗುಟ್ಟನ್ನು ಕಾಯುವುದಿಲ್ಲ. ತಕ್ಕ ಉಪಕರಣವುಳ್ಳವನು ಆ ತಾಳವನ್ನು ಹಿಡಿದು ಎಲ್ಲವನ್ನೂ ಕೇಳಬಲ್ಲನು. ಆದುದರಿಂದ ಬೇರೊಂದು ರಕ್ಷಣೆ ಬೇಕಾಯಿತು.

ಪರಿಚಯದ ಕ್ರಮ

ಪ್ರತಿಯೊಂದು ಬ್ಲೂಟೂತ್ ಯಂತ್ರಕ್ಕೂ 48 ಬಿಟ್‌ಗಳ, ಎಂದರೆ ಸೊನ್ನೆ ಅಥವಾ ಒಂದು ಎಂಬ 48 ಗುರುತುಗಳ, ವಿಳಾಸವಿದೆ. ಇಂಥ ವಿಳಾಸಗಳು ಎರಡೂ ಮುಕ್ಕಾಲು ಕೋಟಿ ಕೋಟಿಗೂ ಹೆಚ್ಚು ಇರಬಲ್ಲವು. ನಾವು ಗುಂಡಿಯನ್ನು ಒತ್ತಿ ಹಿಡಿದಾಗ ಹೆಡ್‌ಫೋನು ಅಪರಿಚಿತರ ಕರೆಗೂ ಓಗೊಡುವ ಸ್ಥಿತಿಗೆ ಬರುತ್ತದೆ. ಇತ್ತ ಫೋನು ‘ಇಲ್ಲಿ ಯಾರಿದ್ದೀರಿ?’ ಎಂಬ ಕರೆಯನ್ನು 32 ಗೊತ್ತಾದ ಹಾದಿಗಳಲ್ಲಿ ವೇಗವಾಗಿ ಸಾರುತ್ತಾ ಹೋಗುತ್ತದೆ. ಹೆಡ್‌ಫೋನು ಅದೇ ಹಾದಿಗಳಲ್ಲಿ ನಿಧಾನವಾಗಿ ಕಿವಿಗೊಟ್ಟು ಸಾಗುತ್ತದೆ. ಇಬ್ಬರೂ ಒಂದೇ ಹಾದಿಯಲ್ಲಿ ಸಂಧಿಸಿದಾಗ ಹೆಡ್‌ಫೋನು ತನ್ನ ವಿಳಾಸವನ್ನೂ ತಾನು ಎಂಥ ಯಂತ್ರವೆಂಬುದನ್ನೂ ತಿಳಿಸುತ್ತದೆ. ತೆರೆಯ ಮೇಲೆ ಹೆಸರು ಮೂಡಲು ಕೆಲವು ಸೆಕೆಂಡುಗಳು ತಗಲುವುದು ಈ ಹುಡುಕಾಟದಿಂದಲೇ. ಗುಂಡಿಯನ್ನು ಒತ್ತಿ ಹಿಡಿಯದೆ ಬರಿದೆ ಚಾಲನೆ ಮಾಡಿದ ಹೆಡ್‌ಫೋನು ಅಪರಿಚಿತ ಫೋನಿಗೆ ಏಕೆ ಕಾಣಿಸುವುದಿಲ್ಲವೆಂಬುದೂ ಇದರಿಂದ ತಿಳಿಯುತ್ತದೆ.

ಬಯಲಿನಲ್ಲಿ ಗುಟ್ಟು

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಜಾತ್ರೆಯಲ್ಲಿ ಇಬ್ಬರು ಅಪರಿಚಿತರು ಗಟ್ಟಿಯಾಗಿ ಮಾತನಾಡುತ್ತಿದ್ದಾರೆ; ಸುತ್ತಲಿನ ಜನರೆಲ್ಲ ಕೇಳುತ್ತಿದ್ದಾರೆ. ಆದರೂ ಮಾತು ಮುಗಿದಾಗ ಅವರಿಬ್ಬರಿಗೆ ಮಾತ್ರ ತಿಳಿದ ಒಂದು ಸಂಖ್ಯೆ ಉಳಿಯಬೇಕು. ಇದು ಅಸಾಧ್ಯವೆಂದು ತೋರುತ್ತದೆಯಲ್ಲವೆ? ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಎಂಬ ಅಮೆರಿಕದ ವಿದ್ವಾಂಸರು 1976ರಲ್ಲಿ ಇದಕ್ಕೊಂದು ದಾರಿಯನ್ನು ಪ್ರಕಟಿಸಿದರು. ಅದನ್ನು ಕಾಗದ ಪೆನ್ಸಿಲುಗಳಿಂದಲೇ ಮಾಡಿ ನೋಡಬಹುದು.

17 ಮತ್ತು 3 ಎಂಬ ಎರಡು ಸಂಖ್ಯೆಗಳು ಎಲ್ಲರಿಗೂ ತಿಳಿದಿರಲಿ. ಫೋನು 3 ಎಂಬ ಗುಪ್ತಸಂಖ್ಯೆಯನ್ನೂ ಹೆಡ್‌ಫೋನು 7 ಎಂಬ ಗುಪ್ತಸಂಖ್ಯೆಯನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಲಿ. ಫೋನು 3ನ್ನು ಮೂರು ಬಾರಿ ಬರೆದು ಗುಣಿಸುತ್ತದೆ; ಬಂದ 27ನ್ನು 17ರಿಂದ ಭಾಗಿಸಿದರೆ ಶೇಷ 10. ಹೆಡ್‌ಫೋನು 3ನ್ನು ಏಳು ಬಾರಿ ಬರೆದು ಗುಣಿಸುತ್ತದೆ. ಬಂದ 2187ನ್ನು 17ರಿಂದ ಭಾಗಿಸಿದರೆ ಶೇಷ 11. ಈ 10 ಮತ್ತು 11ನ್ನು ಅವು ಬಹಿರಂಗವಾಗಿ ಬದಲಿಸಿಕೊಳ್ಳುತ್ತವೆ. ಈಗ ಫೋನು ತನಗೆ ಬಂದ 11ರ ಮೂರನೆಯ ಘಾತವನ್ನು ತೆಗೆದುಕೊಳ್ಳುತ್ತದೆ. ಅದು 1331, 17ರಿಂದ ಭಾಗಿಸಿದಾಗ ಶೇಷ 5. ಹೆಡ್‌ಫೋನು ತನಗೆ ಬಂದ 10ರ ಏಳನೆಯ ಘಾತವನ್ನು ತೆಗೆದುಕೊಳ್ಳುತ್ತದೆ. ಅದು ಒಂದು ಕೋಟಿ, ಶೇಷ ಮತ್ತೆ 5! ಈ 5 ಎಂಬ ಸಂಖ್ಯೆಯನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೂ ಅದು ಇಬ್ಬರ ಕೈಗೂ ಬಂದಿತು.

ಇಷ್ಟು ಚಿಕ್ಕ ಸಂಖ್ಯೆಗಳಾದರೆ ಕದ್ದುಕೇಳುವವನು ಒಂದೊಂದಾಗಿ ಪರೀಕ್ಷಿಸಿ ಗುಟ್ಟನ್ನು ಹೊರಗೆಡವಬಹುದು. ಸಂಖ್ಯೆಗಳು ಬಲು ದೊಡ್ಡವಾದಾಗ ಮುಂದಕ್ಕೆ ಲೆಕ್ಕ ಮಾಡುವುದು ಸುಲಭ. ಹಿಂದಕ್ಕೆ ಮರಳುವುದು ಇಂದಿನ ಅತ್ಯಂತ ವೇಗದ ಗಣಕಯಂತ್ರಗಳಿಗೂ ಆಗದ ಕೆಲಸ. ಬ್ಲೂಟೂತ್ ಇದೇ ತತ್ತ್ವವನ್ನು ವಿಶೇಷ ಬಗೆಯ ವಕ್ರರೇಖೆಗಳ ಮೇಲಿನ ಬಿಂದುಗಳಿಗೆ ಅನ್ವಯಿಸುತ್ತದೆ. ಕೊನೆಗೆ ದೊರೆಯುವುದು 128 ಬಿಟ್‌ಗಳ ಒಂದು ಕೀಲಿ. ಅಂಥ ಕೀಲಿಗಳು ಎಷ್ಟು ಇರಬಹುದೆಂಬುದನ್ನು ಬರೆಯಲು 39 ಅಂಕೆಗಳು ಬೇಕು. ಎರಡು ಯಂತ್ರಗಳೂ ಈ ಕೀಲಿಯನ್ನು ತಮ್ಮ ನೆನಪಿನಲ್ಲಿ ಬರೆದಿಟ್ಟುಕೊಳ್ಳುತ್ತವೆ.

ಮರುದಿನ ಹೆಡ್‌ಫೋನನ್ನು ಚಾಲನೆ ಮಾಡಿದಾಗ ಹೊಸ ಪರಿಚಯ ಬೇಕಾಗುವುದಿಲ್ಲ. ಒಂದು ಯಂತ್ರವು ಯಾವುದೋ ಒಂದು ಸಂಖ್ಯೆಯನ್ನು ಕಳುಹಿಸಿ, ‘ಇದನ್ನು ನಮ್ಮ ಕೀಲಿಯೊಡನೆ ಸೇರಿಸಿ ಲೆಕ್ಕಮಾಡಿ ಉತ್ತರ ಹೇಳು’ ಎನ್ನುತ್ತದೆ. ಉತ್ತರ ಸರಿಯಿದ್ದರೆ ಅದು ಹಳೆಯ ಗೆಳೆಯನೇ ಹೌದು. ಕೀಲಿಯಂತೂ ಒಮ್ಮೆಯೂ ಹೊರಗೆ ಬರುವುದಿಲ್ಲ. ಅನಂತರ ಹಾಡನ್ನೂ ಮಾತನ್ನೂ ಆ ಕೀಲಿಯಿಂದ ಹುಟ್ಟಿದ ಮತ್ತೊಂದು ಕೀಲಿಯಿಂದ ಮರೆಮಾಡಿ ಕಳುಹಿಸುತ್ತವೆ. ಡಬ್ಬಿಯಲ್ಲಿ ಅವು ಬೇರೆಯವರ ಆಂಟೆನಕ್ಕೆ ತಗುಲಿದರೂ ಅರ್ಥವಿಲ್ಲದ ಗದ್ದಲವಷ್ಟೆ.

ನಡುವೆ ನಿಂತ ಮೂರನೆಯವನು

ಮೇಲಿನ ಲೆಕ್ಕದಲ್ಲಿ ಒಂದು ಬಿರುಕಿದೆ. ಮೂರನೆಯವನೊಬ್ಬನು ನಡುವೆ ನಿಂತು ಫೋನಿಗೆ ‘ನಾನೇ ಹೆಡ್‌ಫೋನು’ ಎಂದೂ, ಹೆಡ್‌ಫೋನಿಗೆ ‘ನಾನೇ ಫೋನು’ ಎಂದೂ ಹೇಳಿದರೆ ಏನಾಗುವುದು? ಆತ ಇಬ್ಬರೊಡನೆಯೂ ಬೇರೆ ಬೇರೆ ಗುಟ್ಟನ್ನು ಕಟ್ಟಿಕೊಂಡು, ಒಬ್ಬರ ಮಾತನ್ನು ಓದಿ ಇನ್ನೊಬ್ಬರಿಗೆ ದಾಟಿಸುತ್ತಾನೆ. ಇಬ್ಬರಿಗೂ ಸಂಶಯ ಬರುವುದಿಲ್ಲ.

ಇದನ್ನು ತಡೆಯಲು ಫೋನು ಮತ್ತು ಕಂಪ್ಯೂಟರುಗಳನ್ನು ಜೋಡಿಸುವಾಗ ಎರಡರ ತೆರೆಗಳ ಮೇಲೂ ಆರು ಅಂಕೆಗಳ ಸಂಖ್ಯೆ ಮೂಡುತ್ತದೆ. ಬದಲಿಸಿಕೊಂಡ ಸಂಖ್ಯೆಗಳಿಂದಲೇ ಅದು ಹುಟ್ಟುವುದರಿಂದ, ನಡುವೆ ಮೂರನೆಯವನಿದ್ದರೆ ಎರಡು ತೆರೆಗಳ ಅಂಕೆಗಳು ತಾಳೆಯಾಗುವುದಿಲ್ಲ. ಅಕಸ್ಮಾತ್ತಾಗಿ ತಾಳೆಯಾಗುವ ಸಂಭವ ಹತ್ತು ಲಕ್ಷಕ್ಕೆ ಒಂದು. ನಮ್ಮಲ್ಲಿ ಅನೇಕರು ಆ ಅಂಕೆಗಳನ್ನು ಓದದೆಯೇ ‘ಸರಿ’ ಎಂದು ಒತ್ತುತ್ತೇವೆ. ನಮ್ಮ ಕಣ್ಣುಗಳಿಂದ ಮಾತ್ರ ಆಗಬಲ್ಲ ಪರೀಕ್ಷೆಯನ್ನು ಹಾಗೆ ಕೈಬಿಟ್ಟಂತಾಗುತ್ತದೆ.

ಆದರೆ ಹೆಡ್‌ಫೋನಿಗೆ ತೆರೆಯೆಲ್ಲಿದೆ? ಅಂಕೆಗಳನ್ನು ತೋರಿಸಲು ಅದಕ್ಕೆ ಸಾಧ್ಯವಿಲ್ಲ. ಹಿಂದೆ ಇದಕ್ಕಾಗಿ ನಾಲ್ಕು ಅಂಕೆಗಳ ಗುಪ್ತಸಂಖ್ಯೆಯನ್ನು ಫೋನಿನಲ್ಲಿ ಬರೆಯಬೇಕಾಗಿತ್ತು. ಬಹುಮಟ್ಟಿಗೆ ಅದು 0000 ಎಂದೇ ಇರುತ್ತಿತ್ತು. ಟೆಲ್ ಅವೀವ್ ವಿಶ್ವವಿದ್ಯಾಲಯದ ಯನಿವ್ ಶಾಕೆಡ್ ಮತ್ತು ಅವಿಶಾಯ್ ವೂಲ್ 2005ರಲ್ಲಿ ಈ ಪದ್ಧತಿಯ ದೌರ್ಬಲ್ಯವನ್ನು ತೋರಿಸಿಕೊಟ್ಟರು. ಜೋಡಣೆಯ ಸಂಭಾಷಣೆಯನ್ನು ಕದ್ದುಕೇಳಿದ್ದರೆ, ಅಂದು ಹಳೆಯದೆನಿಸಿದ್ದ ಕಂಪ್ಯೂಟರೂ ನಾಲ್ಕು ಅಂಕೆಗಳ ಗುಟ್ಟನ್ನು ಒಂದು ಸೆಕೆಂಡಿನ ಮೂರನೆಯ ಒಂದು ಭಾಗದೊಳಗೆ ಹೊರಗೆಡವುತ್ತಿತ್ತು. 2007ರಲ್ಲಿ ಬಂದ ಹೊಸ ನಿಯಮಾವಳಿ ನಾವು ಮೇಲೆ ವಿವರಿಸಿದ ವಿಧಾನವನ್ನು ಜಾರಿಗೆ ತಂದಿತು. ಸುಮ್ಮನೆ ಕದ್ದುಕೇಳುವವನು ಅಂದಿನಿಂದ ಸೋತನು. ಆದರೆ ತೆರೆಯಿಲ್ಲದ ಹೆಡ್‌ಫೋನಿನ ವಿಷಯದಲ್ಲಿ, ಜೋಡಣೆಯ ಕ್ಷಣದಲ್ಲಿಯೇ ನಡುವೆ ನಿಲ್ಲುವ ಮೂರನೆಯವನನ್ನು ಈ ವಿಧಾನವೂ ಗುರುತಿಸಲಾರದು. ಅದಕ್ಕಾಗಿ ಅವನು ಅದೇ ಕ್ಷಣದಲ್ಲಿ, ಹತ್ತಿರದಲ್ಲಿಯೇ, ಸಿದ್ಧನಾಗಿ ಕಾದಿರಬೇಕು. ಹೊಸ ಹೆಡ್‌ಫೋನನ್ನು ಬಸ್ ನಿಲ್ದಾಣದಲ್ಲಿ ಜೋಡಿಸುವುದಕ್ಕಿಂತ ಮನೆಯಲ್ಲಿ ಜೋಡಿಸುವುದು ಲೇಸು ಎನ್ನುವುದಕ್ಕೆ ಇದೇ ಕಾರಣ.

ಒಳ್ಳೆಯ ಜೋಡಣೆಯೂ ಎಲ್ಲಕ್ಕೂ ಸಾಲದು. ಮಾತನ್ನು ಮರೆಮಾಡುವ ದಿನದಿನದ ಕೀಲಿಯನ್ನು ಒಂದೇ ಬೈಟಿನಷ್ಟು, ಎಂದರೆ ಬರಿಯ 256 ಸಾಧ್ಯತೆಗಳಷ್ಟು, ದುರ್ಬಲಗೊಳಿಸಬಹುದೆಂದು 2019ರಲ್ಲಿ ಅಂಟೊನಿಯೊಲಿ, ಟಿಪ್ಪೆನ್‌ಹೌವರ್ ಮತ್ತು ರಾಸ್ಮುಸೆನ್ ಎಂಬ ಸಂಶೋಧಕರು ತೋರಿಸಿದರು. ಕೀಲಿಯ ಬಲ ಏಳು ಬೈಟುಗಳಿಗಿಂತ ಕಡಿಮೆಯಾಗಬಾರದೆಂಬ ತಿದ್ದುಪಡಿ ಅದರ ಫಲವಾಗಿ ಬಂದಿತು. ಫೋನು ‘ಹೊಸ ತಿದ್ದುಪಡಿ ಬಂದಿದೆ’ ಎಂದು ತಿಳಿಸಿದಾಗ ಅಸಡ್ಡೆ ಮಾಡಬಾರದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ನೆನಪು ಮತ್ತು ಮರೆವು

ಜೋಡಣೆಯೆಂದರೆ ಎರಡು ಕಡೆಗಳಲ್ಲಿ ಉಳಿದ ಒಂದೇ ನೆನಪು ಎಂಬುದನ್ನು ಗ್ರಹಿಸಿದರೆ, ನಿತ್ಯದ ತೊಡಕುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಫೋನಿನೊಡನೆ ಕಟ್ಟಿದ ಗುಟ್ಟು ಟ್ಯಾಬ್ಲೆಟ್ಟಿಗೂ ಕಂಪ್ಯೂಟರಿಗೂ ತಿಳಿದಿರುವುದಿಲ್ಲ. ಆದುದರಿಂದ ಸಾಮಾನ್ಯವಾಗಿ ಒಂದೊಂದರೊಡನೆಯೂ ಬೇರೆ ಬೇರೆಯಾಗಿ ಪರಿಚಯ ನಡೆಯಬೇಕು. ಹೆಡ್‌ಫೋನಿನಲ್ಲಿ ನೆನಪನ್ನು ಅಳಿಸಿ ಫೋನಿನಲ್ಲಿ ಹಾಗೆಯೇ ಉಳಿಸಿದರೆ, ತೆರೆಯಲ್ಲಿ ಹೆಸರಿರುತ್ತದೆ, ಸಂಪರ್ಕ ಮಾತ್ರ ಏರ್ಪಡುವುದಿಲ್ಲ. ಆಗ ಫೋನಿನಲ್ಲಿಯೂ ಹೆಸರನ್ನು ಅಳಿಸಿ ಮೊದಲಿನಿಂದ ಜೋಡಿಸಬೇಕು. ಎಷ್ಟು ಹುಡುಕಿದರೂ ಫೋನಿಗೆ ಹೆಡ್‌ಫೋನು ಸಿಗದಿದ್ದರೆ, ಪಕ್ಕದ ಕೋಣೆಯ ಕಂಪ್ಯೂಟರು ಅದನ್ನು ಆಗಲೇ ಹಿಡಿದಿಟ್ಟಿರಬಹುದು. ಹೆಡ್‌ಫೋನಿನ ನೆನಪಿನಲ್ಲಿ ಕೆಲವೇ ಗೆಳೆಯರಿಗೆ ಸ್ಥಳವುಂಟು. ಹೊಸಬರು ಹೆಚ್ಚಿದಂತೆ ಹಳಬರು ಮರೆತುಹೋಗಬಹುದು.

ಇದರ ಇನ್ನೊಂದು ಮುಖವನ್ನೂ ಗಮನಿಸಬೇಕು. ನಾವು ಮಾರಿದ ಅಥವಾ ಇನ್ನೊಬ್ಬರಿಗೆ ಕೊಟ್ಟ ಫೋನಿನಲ್ಲಿ ನಮ್ಮ ಹೆಡ್‌ಫೋನಿನ ಕೀಲಿ ಉಳಿದಿದ್ದರೆ, ಅದನ್ನು ಹೆಡ್‌ಫೋನು ಇಂದಿಗೂ ಗೆಳೆಯನೆಂದೇ ತಿಳಿಯುತ್ತದೆ. ಹೆಡ್‌ಫೋನಿನಲ್ಲಿ ಮೈಕ್ ಕೂಡ ಇದೆಯೆಂಬುದನ್ನು ಮರೆಯಬಾರದು. ಮನೆಯ ಬೀಗವನ್ನು ಬದಲಿಸದೆ ಕೀಲಿಕೈಯನ್ನು ಕೊಟ್ಟುಬಿಟ್ಟಂತೆ ಇದು. ಕೈಬದಲಾಗುವ ಮುನ್ನ ಎರಡೂ ಕಡೆ ನೆನಪನ್ನು ಅಳಿಸುವುದು ವಿವೇಕ.

ಮತ್ತೆ ನಮ್ಮ ರೈಲಿಗೆ ಬರೋಣ. ಡಬ್ಬಿ ಮೊದಲಿನಂತೆಯೇ ಅಲೆಗಳಿಂದ ತುಂಬಿದೆ. ಕಿಟಕಿಯ ಬಳಿಯ ವಿದ್ಯಾರ್ಥಿನಿ ಕಿವಿಯಿಂದ ಹೆಡ್‌ಫೋನನ್ನು ತೆಗೆದಿರಿಸಿ, ಕೆಲವು ನಿಮಿಷಗಳ ಅನಂತರ ಮತ್ತೆ ಧರಿಸುತ್ತಾಳೆ. ಪಾಠವು ನಿಂತಲ್ಲಿಂದ ಮುಂದುವರಿಯುತ್ತದೆ. ಆ ನಡುವೆ ಎರಡು ಯಂತ್ರಗಳು ಒಂದನ್ನೊಂದು ಪರೀಕ್ಷಿಸಿ ಗುರುತಿಸಿಕೊಂಡದ್ದು ಆಕೆಗೆ ತಿಳಿಯಲೂ ಇಲ್ಲ. ಎಂದೋ ಒಂದು ದಿನ ಆಕೆ ಗುಂಡಿಯನ್ನು ಒತ್ತಿ ಹಿಡಿದ ಆ ಕೆಲವು ಸೆಕೆಂಡುಗಳು ಇಂದಿಗೂ ಆಕೆಯ ಕಿವಿಯನ್ನು ಕಾಯುತ್ತಿವೆ.