ಅದೃಷ್ಟವಂತ ಅಂತ ಹೆಸರಾದ ರೋಮಿನ ಮೇಷ್ಟ್ರು

ಆಫೀಸಿನಲ್ಲಿ ಪ್ರೆಸೆಂಟೇಶನ್ ಟ್ರೈನಿಂಗ್‌ಗೆ ಕೂತವರಿಗೆ ಗೊತ್ತು: ದನಿ ಎಲ್ಲಿ ಏರಿಸಬೇಕು, ಕೈ ಹೇಗೆ ಆಡಿಸಬೇಕು ಅಂತೆಲ್ಲ ಹೇಳಿಕೊಡ್ತಾರೆ. ಇದನ್ನೆಲ್ಲ ಕ್ರಿ.ಶ. 95ರ ಸುಮಾರಿಗೇ ರೋಮಿನಲ್ಲಿ ಕ್ವಿಂಟಿಲಿಯನ್ ಅನ್ನೋ ಮೇಷ್ಟ್ರು 12 ಸಂಪುಟಗಳಲ್ಲಿ ಬರೆದಿಟ್ಟಿದ್ದಾರೆ. ಟೋಗಾ ಹೇಗೆ ಹೊದೀಬೇಕು ಅನ್ನೋದೂ ಇದೆ ಅದರಲ್ಲಿ!

ಇವರು ಹುಟ್ಟಿದ್ದು ಸ್ಪೇನಿನ ಕಲಾಗುರಿಸ್‌ನಲ್ಲಿ. ಹೊಟ್ಟೆಪಾಡು, ಹೆಸರು ಎರಡೂ ರೋಮಿನಲ್ಲಿ. ವೆಸ್ಪಾಸಿಯನ್ ಚಕ್ರವರ್ತಿ ಭಾಷಣಕಲೆಯ ಗುರುಗಳಿಗೆ ವರ್ಷಕ್ಕೆ 1 ಲಕ್ಷ ಸೆಸ್ಟರ್ಸ್ ಸರ್ಕಾರಿ ಸಂಬಳ ಗೊತ್ತುಮಾಡಿದಾಗ, ಅದನ್ನು ಪಡೆದ ಮೊದಲಿಗರಲ್ಲಿ ಇವರೊಬ್ಬರು. ಆಮೇಲೆ ಡೊಮಿಷಿಯನ್ ತನ್ನ ಮನೆತನದ ಹುಡುಗರನ್ನು ಇವರ ಹತ್ತಿರ ಪಾಠಕ್ಕೆ ಬಿಟ್ಟ. ಬಡ ಮೇಷ್ಟ್ರುಗಳ ಕಷ್ಟ ಬರೆದ ಜುವೆನಲ್ ಕವಿ ಇವರನ್ನು ಮಾತ್ರ ಬೇರೆ ಇಡ್ತಾನೆ: ಅದೃಷ್ಟ ಒಲಿದವನಪ್ಪಾ, ಇವನ ಲೆಕ್ಕವೇ ಬೇರೆ ಅನ್ನೋ ಧಾಟಿಯಲ್ಲಿ.

ಈಗ ಅದೇ ಪುಸ್ತಕದ 6ನೇ ಸಂಪುಟದ ಮುನ್ನುಡಿ ತೆಗೆಯಿರಿ. ಹೆಂಡತಿ 19 ತುಂಬುವ ಮೊದಲೇ ತೀರಿಕೊಂಡಿದ್ದಾಳೆ. ಕಿರಿಯ ಮಗ ಐದು ದಾಟಿದ ಹೊತ್ತಿಗೆ ಹೋದ. ಉಳಿದ ಹಿರಿಯವನಿಗೆ ಆಸ್ತಿಯಾಗಿ ಬಿಟ್ಟುಹೋಗೋಣ ಅಂತಲೇ ಈ ಪುಸ್ತಕ ಬರೀತಿದ್ದರು. ಎಂಟು ತಿಂಗಳು ಕಾಯಿಲೆ ಬಿದ್ದು ಅವನೂ ಹೋದ. ಜ್ಞಾನ ತಪ್ಪಿದಾಗಲೂ ಅವನು ಕನವರಿಸಿದ್ದು ಶಾಲೆ, ಪಾಠ.

ಮೇಷ್ಟ್ರು ಇಲ್ಲಿ ಸಮಾಧಾನದ ಪ್ರವಚನ ಕೊಡೋಲ್ಲ. ವಿಧಿಯನ್ನು ಬೈತಾರೆ, ದೇವರುಗಳನ್ನೂ ಬಿಡೋಲ್ಲ. ಬರೆದದ್ದನ್ನೆಲ್ಲ ಚಿತೆಗೆ ಹಾಕಬೇಕಿತ್ತು ಅಂತಾರೆ. ಆಮೇಲೆ ತಮಗೇ ಹೇಳಿಕೊಳ್ಳೋದು: ದುಃಖವನ್ನು ತುಂಬ ದಿನ ಎಳೆದರೆ ಅದು ನಮ್ಮದೇ ತಪ್ಪು. ನನಗಂತೂ ಈ ಮಾತು ಸ್ವಲ್ಪ ಒರಟು ಅನ್ಸುತ್ತೆ. ಆದರೆ ಬೇರೆಯವರಿಗೆ ಹೇಳಿದ್ದಲ್ಲ ಅದು. ಹೇಳಿಕೊಂಡು ಮುಂದಿನ ಪಾಠಕ್ಕೆ ಹೋಗ್ತಾರೆ. ಯಾವ ಪಾಠ ಗೊತ್ತಾ? ಕೇಳುವವರಲ್ಲಿ ಅಳು, ನಗು ತರಿಸೋದು ಹೇಗೆ ಅನ್ನೋದು.

ಒಳ್ಳೆಯ ಮನುಷ್ಯನಲ್ಲದವನು ಒಳ್ಳೆಯ ಭಾಷಣಕಾರ ಆಗಲಾರ ಅನ್ನೋ ಅವರ ಪ್ರಸಿದ್ಧ ವಾದ ವಿಸ್ತಾರವಾಗಿ ಬರೋದು 12ನೇ ಸಂಪುಟದಲ್ಲಿ. ಅಂದರೆ ಮೂವರನ್ನೂ ಕಳೆದುಕೊಂಡ ಮೇಲೆ. ಸಂಬಳ, ಅರಮನೆ, ಮಕ್ಕಳು, ಯಾವುದೂ ಅವರ ಕೈಲಿರಲಿಲ್ಲ, ನಡತೆ ಇತ್ತು. ಅದೂ ಪೂರ್ತಿ ಚೊಕ್ಕಟ ಅಂತ ನಾನು ಹೇಳೋಲ್ಲ. ಕ್ರೂರಿ ಡೊಮಿಷಿಯನ್‌ನ ಕವಿತೆಗಳನ್ನು ಇದೇ ಪುಸ್ತಕದಲ್ಲಿ ಆಕಾಶಕ್ಕೇರಿಸಿ ಹೊಗಳಿದ್ದಾರೆ. ಸಂಬಳದಾರರ ಸಂಕಟ ನಮಗೆ ಗೊತ್ತಿಲ್ಲದ್ದೇನಲ್ಲ!

ಓದಬೇಕು ಅನ್ನೋರು ಆ 6ನೇ ಸಂಪುಟದ ಮುನ್ನುಡಿಯಿಂದಲೇ ಶುರುಮಾಡಿ. ಕೆಲವೇ ಪುಟ. ಟೋಗಾ ಆಮೇಲೆ ಹೊದ್ದುಕೊಂಡರಾಯ್ತು.