ಅಂತರಜಾಲ ದೂರದರ್ಶನ: ಪ್ಲೇಯರ್ ತಂತ್ರಾಂಶದ ವಿನ್ಯಾಸ

ಗೋಪುರದಿಂದ ಹೊರಡುವ ದೂರದರ್ಶನ ಪ್ರಸಾರವು ಎಲ್ಲ ಮನೆಗಳಿಗೂ ಒಂದೇ ಸಂಕೇತವನ್ನು ಕಳುಹಿಸುತ್ತದೆ. ಅಂತರಜಾಲದಲ್ಲಿ ಹಾಗಲ್ಲ, ಪ್ರತಿಯೊಂದು ಮೊಬೈಲ್ ಫೋನು ತನಗೆ ಬೇಕಾದುದನ್ನು ತಾನೇ ಕೇಳಿ ಪಡೆಯುತ್ತದೆ. ಪ್ಲೇಯರ್ ತಂತ್ರಾಂಶದ ವಿನ್ಯಾಸವು ಈ ಭೇದವನ್ನೇ ಆಧರಿಸಿದೆ.

2009ರಲ್ಲಿ ಆಪಲ್ ಸಂಸ್ಥೆಯು ಪ್ರಕಟಿಸಿದ ಎಚ್‌ಎಲ್‌ಎಸ್ ಪದ್ಧತಿಯಲ್ಲಿ ಕಾರ್ಯಕ್ರಮವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ವಿಭಾಗಿಸಿ, ಪ್ರತಿ ತುಣುಕನ್ನೂ ಹಲವು ಗುಣಮಟ್ಟಗಳಲ್ಲಿ ಸಿದ್ಧಪಡಿಸಲಾಗುತ್ತದೆ. ಅವುಗಳ ವಿಳಾಸಗಳನ್ನು ಸರಳ ಪಠ್ಯರೂಪದ ಪಟ್ಟಿಗಳಲ್ಲಿ ನಮೂದಿಸಲಾಗುತ್ತದೆ. ಪ್ಲೇಯರಿನ ಒಂದು ಘಟಕವು ಪಟ್ಟಿಯನ್ನು ಓದುತ್ತದೆ; ನೇರ ಪ್ರಸಾರವಾದರೆ ಅದನ್ನು ಮತ್ತೆ ಮತ್ತೆ ತರಿಸಿಕೊಳ್ಳುತ್ತದೆ. ಎರಡನೆಯದು ತುಣುಕುಗಳನ್ನು ಮುಂಚಿತವಾಗಿ ತಂದು ಸಂಗ್ರಹಿಸುತ್ತದೆ. ಮೂರನೆಯದು ಅವನ್ನು ಬಿಡಿಸಿ ತೆರೆಯ ಮೇಲೆ ಮೂಡಿಸುತ್ತದೆ. ಇವುಗಳ ನಡುವಿನ ನಿರ್ಣಾಯಕ ಘಟಕವು ಹಿಂದಿನ ತುಣುಕುಗಳು ಬಂದ ವೇಗವನ್ನೂ ಸಂಗ್ರಹದಲ್ಲಿ ಉಳಿದಿರುವ ಅವಧಿಯನ್ನೂ ಗಮನಿಸಿ ಮುಂದಿನ ತುಣುಕಿನ ಗುಣಮಟ್ಟವನ್ನು ಗೊತ್ತುಪಡಿಸುತ್ತದೆ. ಸಂಗ್ರಹ ಹೆಚ್ಚಿದಷ್ಟೂ ತಡೆ ಕಡಿಮೆ. ಆದರೆ ನೇರ ಪ್ರಸಾರವು ಅಷ್ಟು ತಡವಾಗಿ ಕಾಣುತ್ತದೆ.

ನವಲಗುಂದ ತಾಲ್ಲೂಕಿನ ತಿರ್ಲಾಪುರದ ಹೊಲದಲ್ಲಿ ರೈತನೊಬ್ಬನು ಮೊಬೈಲಿನಲ್ಲಿ ಕೃಷಿ ಕಾರ್ಯಕ್ರಮವನ್ನು ನೋಡುತ್ತಿದ್ದಾನೆ ಎಂದಿಟ್ಟುಕೊಳ್ಳೋಣ. ಸಂಪರ್ಕ ಕ್ಷೀಣಿಸಿದಾಗ ಚಿತ್ರ ಮಸುಕಾದೀತು. ಮಾತು ಮಾತ್ರ ಮುಂದುವರಿದೀತು. ಆದರೆ ಪ್ರಸಾರಕರು ಕೆಳಮಟ್ಟದ ಪ್ರತಿಯನ್ನೇ ಸಿದ್ಧಪಡಿಸದಿದ್ದರೆ, ಪ್ಲೇಯರ್ ಎಷ್ಟೇ ಸಮರ್ಥವಾಗಿದ್ದರೂ ಅದಕ್ಕೆ ಆಯ್ಕೆಯೇ ಇರದು. ದುರ್ಬಲ ಸಂಪರ್ಕದ ಪ್ರೇಕ್ಷಕನಿಗೆ ಪ್ರಸಾರದಲ್ಲಿ ಸ್ಥಾನವುಂಟೇ ಎಂಬುದು ಆ ಪಟ್ಟಿ ಸಿದ್ಧವಾಗುವಾಗಲೇ ತೀರ್ಮಾನವಾಗಿರುತ್ತದೆ.