ಐಪಿ ವಿಳಾಸ ಸಿಕ್ಕರೆ ತಪ್ಪು ಮಾಡಿದವರು ಸಿಕ್ಕ ಹಾಗೆಯೇ?

2007ರ ಆಗಸ್ಟ್ ಕೊನೆಯಲ್ಲಿ ಪುಣೆ ಪೊಲೀಸರು ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಬಂಧಿಸಿದರು. ಆರ್ಕುಟ್‌ನಲ್ಲಿ ಶಿವಾಜಿಯನ್ನು ಅವಮಾನಿಸುವ ಚಿತ್ರ ಹಾಕಿದರೆಂಬುದು ಆರೋಪ. ಅವರ ಮನೆ ತೋರಿಸಿದ್ದು ಏರ್‌ಟೆಲ್ ಕೊಟ್ಟ ಐಪಿ ವಿಳಾಸದ ಮಾಹಿತಿ. ಆ ಮಾಹಿತಿಯೇ ತಪ್ಪಾಗಿತ್ತು. ಅವರು ಹೊರಬರುವಷ್ಟರಲ್ಲಿ 50 ದಿನ ಜೈಲಿನಲ್ಲಿ ಕಳೆದಾಗಿತ್ತು.

ಹೀಗಾಗುವುದು ಹೇಗೆ? ಐಪಿ ವಿಳಾಸವನ್ನು ನಾವು ಫೋನ್ ನಂಬರಿನ ಹಾಗೆ ಅಂದುಕೊಂಡಿದ್ದೇವೆ. ಅದು ಲಾಡ್ಜಿನ ಕೋಣೆ ಸಂಖ್ಯೆಗೆ ಹೆಚ್ಚು ಹತ್ತಿರ. ದಾವಣಗೆರೆ ಬಸ್ ನಿಲ್ದಾಣದ ಬಳಿಯ ಲಾಡ್ಜಿನ 12ನೇ ಕೋಣೆಯಲ್ಲಿ ಯಾರಿದ್ದರು ಎಂದು ಕೇಳಿದರೆ, ‘ಯಾವತ್ತು?’ ಎಂದು ಮ್ಯಾನೇಜರ್ ಕೇಳಲೇಬೇಕು. ಐಪಿ ವಿಳಾಸಕ್ಕಂತೂ ತಾರೀಖು ಸಾಲದು, ಗಂಟೆ, ನಿಮಿಷ, ಸೆಕೆಂಡೂ ಬೇಕು. ವಿದೇಶಿ ಸರ್ವರ್‌ಗಳು ಸಾಮಾನ್ಯವಾಗಿ ಜಾಗತಿಕ ಸಮಯವನ್ನು ದಾಖಲಿಸುತ್ತವೆ. ಅಲ್ಲಿ ಸೋಮವಾರ ರಾತ್ರಿ 8 ಎಂದಿದ್ದರೆ ನಮ್ಮಲ್ಲಿ ಮಂಗಳವಾರ ಬೆಳಗಿನ ಜಾವ 1.30. ಈ ಐದೂವರೆ ಗಂಟೆ ಮರೆತರೆ ಬೇರೆ ಯಾರದೋ ಮನೆ ಬಾಗಿಲು ತಟ್ಟಬೇಕಾಗುತ್ತದೆ.

ಇನ್ನೊಂದು ತೊಡಕಿದೆ. ಹಳೆಯ ಮಾದರಿಯ ಐಪಿ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ ಮಾತ್ರ. ಅವು ಸಾಲದೆ ಕಂಪನಿಗಳು ಒಂದೇ ವಿಳಾಸವನ್ನು ನೂರಾರು ಗ್ರಾಹಕರಿಗೆ ಹಂಚುತ್ತವೆ, ಇಡೀ ವಠಾರಕ್ಕೆ ಒಂದೇ ಡೋರ್ ನಂಬರ್ ಇದ್ದ ಹಾಗೆ. ಆಗ ಪೋರ್ಟ್ ಸಂಖ್ಯೆಯೂ ಇಲ್ಲದಿದ್ದರೆ ಗ್ರಾಹಕರನ್ನು ಗುರುತಿಸುವುದು ಕಷ್ಟ. (ಐಪಿ ಹಾಕಿದರೆ ಮನೆ ತೋರಿಸುತ್ತೇವೆ ಎನ್ನುವ ತಾಣಗಳನ್ನು ನಂಬಬೇಡಿ. ಹರಿಹರದಲ್ಲಿ ಕೂತವರನ್ನು ಅವು ಬೆಂಗಳೂರಿನಲ್ಲಿ ತೋರಿಸುವುದುಂಟು.)

ಈಗ ಸಾರಥಿಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅಲ್ಲಿಂದ ಸಾವಿರಾರು ಸ್ಪ್ಯಾಮ್ ಮೇಲ್ ಹೋಗುತ್ತಿವೆ ಎಂದು ಹೊರಗಿನವರು ಇಂಟರ್ನೆಟ್ ಕಂಪನಿಗೆ ದೂರು ಕೊಡುತ್ತಾರೆ. ಮನೆಯವರಿಗೆ ಏನೂ ಗೊತ್ತಿಲ್ಲ. ಅಂಗಳದ ಸಿಸಿಟಿವಿ ಕ್ಯಾಮೆರಾಕ್ಕೆ ಕಂಪನಿಯಿಂದ ಬಂದ ಪಾಸ್‌ವರ್ಡೇ ಇನ್ನೂ ಇದೆ, ಯಾರೋ ಒಳಹೊಕ್ಕಿದ್ದಾರೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಇಂಥ ಲಕ್ಷಾಂತರ ಉಪಕರಣಗಳನ್ನು ಹೀಗೆಯೇ ವಶಪಡಿಸಿಕೊಂಡಿತ್ತು.

ಕಂಪನಿ ಆ ಮನೆಯವರ ಹೆಸರನ್ನು ದೂರುದಾರರಿಗೆ ಕೊಡಬೇಕೇ? ಬೇಡ. ಹಾಗೆಂದು ದೂರನ್ನು ಕಸದಬುಟ್ಟಿಗೆ ಹಾಕುವುದೂ ಸರಿಯಲ್ಲ, ಸ್ಪ್ಯಾಮ್ ಪಡೆಯುತ್ತಿರುವವರೂ ಮನುಷ್ಯರೇ. ತನ್ನ ದಾಖಲೆಯಲ್ಲಿ ಸಮಯ ತಾಳೆ ನೋಡಿ, ಗ್ರಾಹಕರಿಗೆ ತಾನೇ ಫೋನ್ ಮಾಡಿ, ಕ್ಯಾಮೆರಾ ಸರಿಪಡಿಸುವವರೆಗೆ ಸ್ಪ್ಯಾಮ್ ಹೋಗುವ ದಾರಿಯನ್ನಷ್ಟೇ ತಡೆದು, ‘ಕ್ರಮ ಕೈಗೊಂಡಿದ್ದೇವೆ’ ಎಂದು ದೂರುದಾರರಿಗೆ ಉತ್ತರಿಸಿದರೆ ಆಯಿತು. ಇದಕ್ಕೆ ಹೆಸರು ಹೊರಹೋಗಬೇಕಿಲ್ಲ.

ಪೊಲೀಸರ ಮಾತು ಬೇರೆ. ತನಿಖೆಗೆ ಬೇಕಾದ ದಾಖಲೆಯನ್ನು ಅವರು ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ಲಿಖಿತವಾಗಿ ಕೇಳಬಹುದು, ಕಂಪನಿ ಕೊಡಬೇಕು. 2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ದಾಖಲೆಗಳನ್ನು 180 ದಿನ ಇಡಬೇಕು, ಗಡಿಯಾರಗಳನ್ನು ಅಧಿಕೃತ ಸಮಯಕ್ಕೆ ಹೊಂದಿಸಿರಬೇಕು. ಗಡಿಯಾರದ ವಿಷಯ ಸಣ್ಣದೆನಿಸಬಹುದು. ನಮ್ಮ ಪ್ರಕಾರ ಇಡೀ ನಿರ್ದೇಶನದಲ್ಲಿ ಸಾಮಾನ್ಯ ಗ್ರಾಹಕರಿಗೆ ಹೆಚ್ಚು ರಕ್ಷಣೆ ಕೊಡುವ ಸಾಲು ಅದೇ.

ನಿಮಗೆ ಇಂಥ ದೂರಿನ ಸಂದೇಶ ಬಂದರೆ ಗಾಬರಿ ಬೇಡ. ಕಂಪನಿಯ ಅಧಿಕೃತ ಸಂಖ್ಯೆಗೆ ನೀವೇ ಕರೆ ಮಾಡಿ, ದಿನಾಂಕ, ಸಮಯ, ಪೋರ್ಟ್ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಆಮೇಲೆ ರೌಟರ್ ಮತ್ತು ಕ್ಯಾಮೆರಾದ ಪಾಸ್‌ವರ್ಡ್ ಬದಲಿಸಿ.